ಓದದೆ ಉಳಿದ ಹನ್ನೆರಡು ಪುಟ

ನನ್ನ ಅಂಗೈ ಬೆವರುತ್ತದೆ. ಇದನ್ನು ಇಷ್ಟು ದಿನ ಡೈರಿಯಲ್ಲಿ ಕೂಡ ಬರೆದಿರಲಿಲ್ಲ. ಹೊರಡುವ ಹಿಂದಿನ ದಿನ ಬಟ್ಟೆ ಮಡಚುತ್ತ ಕೂತಾಗ ನನ್ನನ್ನು ಕಾಡುತ್ತಿದ್ದ ಚಿಂತೆ ಇಷ್ಟೇ: ಎರಡು ದಿನ ವ್ಯಾನಿನಲ್ಲಿ ಆಪರೇಟರಕ್ಕನ ಪಕ್ಕ ಕೂರಬೇಕು, ಮಾತಾಡುವಾಗೆಲ್ಲ ಅವಳು ಪಕ್ಕದವರ ಕೈ ಹಿಡಿದುಕೊಳ್ಳುತ್ತಾಳೆ, ನನ್ನ ಕೈ ಒದ್ದೆಯಾಗಿರುವುದು ಅವಳಿಗೆ ಗೊತ್ತಾಗಿಬಿಡುತ್ತದೆ. ಕಣ್ಣು ಕಾಣುವವರಾದರೆ ಮುಖ ನೋಡುತ್ತಾರೆ. ಮುಖವನ್ನು ಹೇಗೋ ಸಂಭಾಳಿಸಬಹುದು. ಕೈಯನ್ನು ಸಂಭಾಳಿಸುವ ಉಪಾಯ ನನಗೆ ಗೊತ್ತಿಲ್ಲ. ಕರವಸ್ತ್ರ ನಾಲ್ಕು ಇಟ್ಟುಕೊಂಡೆ.

ಆಪರೇಟರಕ್ಕ ಹುಟ್ಟಿನಿಂದಲೇ ಕಣ್ಣು ಕಾಣದವಳು. ಒಂದು ದೊಡ್ಡ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಇನ್ನೂರ ಹತ್ತು ಎಕ್ಸ್‌ಟೆನ್ಷನ್ ನಂಬರುಗಳು ಅವಳ ನಾಲಿಗೆಯ ತುದಿಯಲ್ಲಿವೆ. ಫೋನ್ ಮಾಡಿದವರು ಅಳುತ್ತಿದ್ದಾರೋ, ಸಿಟ್ಟಿನಲ್ಲಿದ್ದಾರೋ, ಸುಮ್ಮನೆ ಜಂಭ ಕೊಚ್ಚುತ್ತಿದ್ದಾರೋ ‘ಹಲೋ’ ಅನ್ನುವುದರೊಳಗೆ ಕಂಡುಹಿಡಿಯುತ್ತಾಳೆ. ಅವಳು ಬಿ.ಎ. ಮಾಡಿದ್ದು ನಮ್ಮ ಕಾಲೇಜಿನಲ್ಲಿ. ನಾನೂ ನನ್ನ ಗೆಳತಿ ಸಾರಥಿಯೂ ಅವಳಿಗಿಂತ ಒಂದು ವರ್ಷ ಹಿಂದಿನ ತರಗತಿ, ವಯಸ್ಸಿನಲ್ಲಿ ನಾಲ್ಕು ವರ್ಷ ಚಿಕ್ಕವರು. ಅವಳ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಟ್ಟವರು ನಾವಿಬ್ಬರು. ಸಾರಥಿಯ ನಿಜವಾದ ಹೆಸರು ಅವಳ ತಾಯಿಯನ್ನು ಬಿಟ್ಟರೆ ಯಾರಿಗೂ ನೆನಪಿಲ್ಲ. ಚಿಕ್ಕಪ್ಪನ ಹಳೆಯ ವ್ಯಾನನ್ನು ಹದಿನೆಂಟು ತುಂಬಿದ ದಿನದಿಂದ ಓಡಿಸುತ್ತಿದ್ದಾಳೆ, ಅದಕ್ಕೇ ಆ ಹೆಸರು.

ಈ ಪ್ರಯಾಣ ಆಪರೇಟರಕ್ಕನದೇ ಯೋಜನೆ. ಕೆಲಸ ಕಾಯಂ ಆದ ತಿಂಗಳೇ ಫೋನ್ ಮಾಡಿ, ನಿಮ್ಮಿಬ್ಬರನ್ನೂ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆ, ದಾರಿಯಲ್ಲಿ ಯಾರೂ ಪರ್ಸಿಗೆ ಕೈ ಹಾಕುವಂತಿಲ್ಲ, ಹಾಕಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ ಎಂದು ಹೇಳಿದ್ದಳು. ಯಾಕೆ ಇದೆಲ್ಲ ಅಂತ ಸಾರಥಿ ಕೇಳಿದ್ದಕ್ಕೆ, ನೀವು ಓದಿದ್ದು ಯಾಕೆ ಅಂತ ನಾನು ಕೇಳಿದ್ದೆನಾ ಎಂದು ಅವಳ ಬಾಯಿ ಮುಚ್ಚಿಸಿದಳು.

ಈಗ ದೊಡ್ಡ ಚಿಂತೆಯನ್ನೂ ಬರೆದುಬಿಡುತ್ತೇನೆ, ಯಾಕೆಂದರೆ ಕೈ ಬೆವರುವುದಕ್ಕೆ ಅದೇ ಕಾರಣ.

ನಮ್ಮ ಕಾಲೇಜಿನ ಗ್ರಂಥಾಲಯದ ಹಿಂದೆ ಹಳೆಯ ಪತ್ರಿಕೆ ಪೇರಿಸಿಡುತ್ತಿದ್ದ ಒಂದು ಕೋಣೆಯಿತ್ತು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು ಅದನ್ನು ರೆಕಾರ್ಡಿಂಗ್ ಕೋಣೆ ಮಾಡಿದ್ದರು. ಫ್ಯಾನ್ ಹಾಕುವಂತಿರಲಿಲ್ಲ, ಅದರ ಗುರುಗುಟ್ಟುವಿಕೆ ಧ್ವನಿಯಲ್ಲಿ ಸೇರುತ್ತದೆ. ಪುಟ ಮಗುಚುವ ಮೊದಲು ಯಂತ್ರವನ್ನು ನಿಲ್ಲಿಸಬೇಕು, ಮಗುಚಿದ ಮೇಲೆ ಮತ್ತೆ ಒತ್ತಬೇಕು, ಕಾಗದದ ಸರಸರ ಕೇಳಿಸಬಾರದು. ಪುಟದ ಸಂಖ್ಯೆ ಹೇಳಬಾರದು, ಅದರಿಂದ ಕೇಳುವವರ ಓಘ ತಪ್ಪುತ್ತದೆ. ಮನೆಯಲ್ಲಿ ನೆಂಟರು ಬಂದರೆ ಅಡುಗೆಮನೆಯ ಕಪಾಟಿನ ಹಿಂದೆ ಅಡಗುವ ನಾನು ಆ ಕೋಣೆಯಲ್ಲಿ ಗಂಟಲು ಬಿಚ್ಚಿ ಮಾತಾಡುತ್ತಿದ್ದೆ. ಎದುರಿಗೆ ಯಾರೂ ಇರುತ್ತಿರಲಿಲ್ಲ, ಮಾತು ನನ್ನದಲ್ಲ ಪುಸ್ತಕದ್ದು, ಆದರೂ ಯಾರಿಗೋ ಅದು ಬೇಕಾಗಿತ್ತು. ಅಷ್ಟು ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಚರಿತ್ರೆಯ ಪುಸ್ತಕ ಓದುತ್ತಿದ್ದಾಗ ಒಂದು ಸಂಜೆ ಇನ್ನೂರ ಹನ್ನೆರಡನೇ ಪುಟಕ್ಕೆ ನಿಲ್ಲಿಸಿ, ಚೀಟಿ ಇಟ್ಟು ಹೋದೆ. ಅದು ಗ್ರಂಥಾಲಯದ ಪುಸ್ತಕ. ಮಧ್ಯೆ ಯಾರೋ ಅದನ್ನು ತೆಗೆದು ನೋಡಿದ್ದಾರೆ, ಚೀಟಿ ಬಿದ್ದಿದೆ, ಅವರು ಅದನ್ನು ಎಲ್ಲೋ ಒಂದು ಕಡೆ ಸಿಕ್ಕಿಸಿದ್ದಾರೆ. ಮಾರನೆಯ ದಿನ ನಾನು ಚೀಟಿಯಿದ್ದ ಕಡೆಯಿಂದ, ಅಂದರೆ ಇನ್ನೂರ ಇಪ್ಪತ್ತೈದರಿಂದ ಓದಿದೆ. ಹಿಂದಿನ ದಿನದ ಕೊನೆಯ ವಾಕ್ಯ, ಹೊಸ ದಾರಿಗಳು ತೆರೆದುಕೊಂಡವು ಎಂದಿತ್ತು. ಅವತ್ತಿನ ಮೊದಲ ವಾಕ್ಯ, ಇದರಿಂದಾಗಿ ಜನಜೀವನದಲ್ಲಿ ಗಣನೀಯ ಬದಲಾವಣೆಗಳಾದವು ಎಂದಿತ್ತು. ಚರಿತ್ರೆಯ ಪುಸ್ತಕಗಳಲ್ಲಿ ಆ ವಾಕ್ಯವನ್ನು ಯಾವುದರ ಮುಂದೆ ಅಂಟಿಸಿದರೂ ಕೂರುತ್ತದೆ. ಕೂತಿತು. ಬಂದರುಗಳ ಬಗ್ಗೆ ಇದ್ದ ಹನ್ನೆರಡು ಪುಟ ಸದ್ದಿಲ್ಲದೆ ಕಳಚಿಹೋಯಿತು. ಆ ದಿನದ ಡೈರಿಯಲ್ಲಿ ‘ಇವತ್ತು ಧ್ವನಿ ಚೆನ್ನಾಗಿ ಬಂತು’ ಎಂದು ಬರೆದುಕೊಂಡಿದ್ದೇನೆ.

ಪರೀಕ್ಷೆ ಮುಗಿದ ಸಂಜೆ ಆಪರೇಟರಕ್ಕ ಫೋನ್ ಮಾಡಿದಳು. ಎಲ್ಲ ಪ್ರಶ್ನೆಗಳನ್ನೂ ಹೇಳಿ, ಕೊನೆಗೆ ನಗುತ್ತ ಅಂದಳು: “ಹದಿನೈದು ಅಂಕದ್ದು ಒಂದು ಬಂದರುಗಳ ಬಗ್ಗೆ ಇತ್ತು ಕಣೇ. ಒಂದು ಸಾಲೂ ಹೊಳೀಲಿಲ್ಲ. ಕೇಳ್ತಾ ಕೇಳ್ತಾ ನಿದ್ದೆ ಹೊಡ್ದಿರ್ಬೇಕು ನಾನು. ನೀನು ಪಾಪ ಅಲ್ಲಿ ಬೆವರು ಸುರಿಸ್ಕೊಂಡು ಓದಿದ್ದೀಯ, ಇಲ್ಲಿ ನಾನು ಗೊರಕೆ.”

ಮಾರನೆಯ ದಿನ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆಗೆದೆ. ಒಂದು ಕಿವಿಯಲ್ಲಿ ನನ್ನ ಧ್ವನಿ, ಕಣ್ಣ ಮುಂದೆ ಪುಟ. ಇನ್ನೂರ ಹನ್ನೆರಡು ಮುಗಿಯಿತು, ಧ್ವನಿ ಹಾರಿತು. ಮೂರು ಸಲ ಹಿಂದಕ್ಕೆ ಎಳೆದು ಕೇಳಿದೆ. ಮೂರು ಸಲವೂ ಹಾರಿತು.

ಅವತ್ತೇ ಹೇಳಬಹುದಿತ್ತು. ಫಲಿತಾಂಶ ಬರಲಿ, ಪಾಸಾಗುತ್ತಾಳೆ, ಆಮೇಲೆ ನಗುತ್ತ ಹೇಳೋಣ ಅಂದುಕೊಂಡೆ. ಅವಳು ಪಾಸಾದಳು. ಶಿಕ್ಷಕರ ತರಬೇತಿಗೆ ಬೇಕಾಗಿದ್ದದ್ದಕ್ಕಿಂತ ಐದು ಅಂಕ ಕಡಿಮೆ. ಚರಿತ್ರೆಯ ಮೇಡಂ ಆಗಬೇಕೆಂದು ಇದ್ದವಳು ಟೆಲಿಫೋನಿನ ತರಬೇತಿಗೆ ಸೇರಿದಳು. ಅದಾದ ಮೇಲೆ ನಗುತ್ತ ಹೇಳುವ ದಾರಿ ಮುಚ್ಚಿಹೋಯಿತು, ಅಳುತ್ತ ಹೇಳುವ ಧೈರ್ಯ ನನಗೆ ಮೊದಲಿನಿಂದಲೂ ಇಲ್ಲ. ಒಂದು ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಹೊರಗೆ ಹೋದಾಗ ತಲೆಯ ಮೇಲೆ ಹೊದಿಕೆ ಎಳೆದುಕೊಂಡು ಆ ಹನ್ನೆರಡು ಪುಟವನ್ನು ಫೋನಿನಲ್ಲಿ ಓದಿ ಇಟ್ಟೆ. ಮೂವತ್ತೊಂದು ನಿಮಿಷ. ಅದನ್ನು ಕಳಿಸಲಿಲ್ಲ. ಮೂರು ವರ್ಷವಾಯಿತು. ಫೋನ್ ಬದಲಾಯಿಸಿದಾಗ ಮೊದಲು ಅದನ್ನೇ ಹೊಸದಕ್ಕೆ ಹಾಕಿಕೊಂಡೆ, ಆಗಲೂ ಕಳಿಸಲಿಲ್ಲ.

ಬೆಳಿಗ್ಗೆ ಆರಕ್ಕೆ ವ್ಯಾನ್ ಬಂತು. ಅಮ್ಮ ಬಾಗಿಲಲ್ಲಿ ನಿಂತು, ಹೋದ ಕಡೆ ನಾಲ್ಕು ಮಾತಾಡು, ಯಾರೂ ನಿನ್ನ ಬಾಯಿಗೆ ಬೀಗ ಹಾಕಿಲ್ಲ ಅಂದಳು. ಸಾರಥಿ ಕಿಟಕಿಯಿಂದ ತಲೆ ಹೊರಹಾಕಿ, ಬೀಗ ಹಾಕಿದ್ದಿದ್ದರೆ ಕೀಲಿಯಾದರೂ ಇರುತ್ತಿತ್ತು ಆಂಟಿ ಅಂದಳು. ನಾನು ಆಪರೇಟರಕ್ಕನ ಪಕ್ಕ ಕೂತೆ. ಐದು ನಿಮಿಷವಾಗಿರಲಿಲ್ಲ, ಅವಳ ಕೈ ನನ್ನ ಕೈಯ ಮೇಲೆ ಬಂತು. ಜ್ವರ ಇದೆಯೇನೇ ಎಂದು ಕೇಳಿದಳು. ಇಲ್ಲ, ಸೆಖೆ ಅಂದೆ. ಹೊರಗೆ ಚಳಿಯಿತ್ತು.

ಆ ದಿನ ಎಷ್ಟು ಚೆನ್ನಾಗಿತ್ತು ಅನ್ನುವುದನ್ನೂ ಬರೆಯಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ದಾರಿಯಲ್ಲಿ ಕಾಣುವುದನ್ನೆಲ್ಲ ವರ್ಣಿಸುವ ಕೆಲಸವನ್ನು ಸಾರಥಿ ವಹಿಸಿಕೊಂಡಿದ್ದಳು. ಅವಳಿಗೆ ನಿಜ ಸಾಕಾಗುವುದಿಲ್ಲ. ಎಡಗಡೆ ಒಂದು ಅರಮನೆ, ಬಲಗಡೆ ನೂರು ನವಿಲು, ಎದುರಿಗೆ ಆನೆಯ ಮೇಲೆ ಕೂತ ಪೊಲೀಸ್ ಎಂದು ಬಿಡುತ್ತಲೇ ಹೋದಳು. ಆಪರೇಟರಕ್ಕ ಮೂಗು ಹೊರಗೆ ಹಾಕಿ, ಅರಮನೆಯಲ್ಲಿ ಟಯರಿಗೆ ಪಂಕ್ಚರ್ ಹಾಕುತ್ತಾರಾ ಎಂದು ಕೇಳಿದಳು. ಅಲ್ಲಿ ನಿಜಕ್ಕೂ ಪಂಕ್ಚರ್ ಅಂಗಡಿಯಿತ್ತು. ಸಾರಥಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕಳು, ನಾನು ರಸ್ತೆ ನೋಡು ರಸ್ತೆ ನೋಡು ಎಂದು ಕೂಗಿದೆ. ಇಷ್ಟು ಗಟ್ಟಿ ಧ್ವನಿ ಇವಳಿಗೆ ಎಲ್ಲಿಂದ ಬಂತು ಎಂದು ಇಬ್ಬರೂ ಮತ್ತೆ ನಕ್ಕರು. ಎಷ್ಟೋ ದಿನದ ಮೇಲೆ ನನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂದಿತ್ತು.

ಚಹಾ ಕುಡಿಯಲು ನಿಲ್ಲಿಸಿದ ಅಂಗಡಿಯಲ್ಲಿ ಆಪರೇಟರಕ್ಕ ಅಂಗಡಿಯವನಿಗೆ ನಮ್ಮನ್ನು ಪರಿಚಯಿಸಿದಳು. ಮೊದಲು ಸಾರಥಿಯ ಕೈ ಎತ್ತಿ, ಇವಳು ನನಗೆ ಅರ್ಥಶಾಸ್ತ್ರ ಓದಿದವಳು, ಬಸ್ಸು ತಪ್ಪಿಹೋಗುತ್ತದೆ ಅನ್ನುವ ಹಾಗೆ ಓದುತ್ತಿದ್ದಳು, ನಾನು ವೇಗವನ್ನು ಅರ್ಧಕ್ಕೆ ಇಳಿಸುತ್ತಿದ್ದೆ, ಆಗ ಕುಡಿದವಳು ಪಾಠ ಮಾಡಿದ ಹಾಗೆ ಕೇಳಿಸುತ್ತಿತ್ತು ಎಂದಳು. ಆಮೇಲೆ ನನ್ನ ಭುಜ ಹುಡುಕಿ ಹಿಡಿದು, ಇವಳ ಧ್ವನಿ ಕೇಳಿಯೇ ನಾನು ಬಿ.ಎ. ಮಾಡಿದ್ದು, ಒಂದು ಅಕ್ಷರ ತಪ್ಪುತ್ತಿರಲಿಲ್ಲ ಎಂದಳು. ಅಂಗಡಿಯವನು ನನ್ನನ್ನು ಗೌರವದಿಂದ ನೋಡಿ ಇನ್ನೊಂದು ಬಿಸ್ಕತ್ತು ಕೊಟ್ಟ. ಅದನ್ನು ತಿನ್ನದೆ ಕರವಸ್ತ್ರದಲ್ಲಿ ಸುತ್ತಿಟ್ಟೆ. ಪಂಕ್ಚರ್ ಅಂಗಡಿ ಕಳೆದು ಮೊದಲನೆಯ ಊರಿನಲ್ಲಿ ಪೆನ್ ಮಾರುವವಳಿಗೂ ಅವಳು ಇದನ್ನೇ ಹೇಳಿದ್ದಳು. ವಸತಿಗೃಹದಲ್ಲಿ ಕೋಣೆಯ ಕೀಲಿ ಕೊಟ್ಟ ಹೆಂಗಸಿಗೂ ಹೇಳಿದಳು. ಅವಳ ಕೃತಜ್ಞತೆ ಸೋರುವ ನಲ್ಲಿಯ ಹಾಗೆ, ಎಲ್ಲಿ ನಿಂತರೂ ತೊಟ್ಟಿಕ್ಕುತ್ತಿತ್ತು, ನಾನು ಅದರ ಕೆಳಗೆ ನೆನೆಯುತ್ತ ನಿಂತಿದ್ದೆ.

ಮಧ್ಯಾಹ್ನ ಸಮುದ್ರಕ್ಕೆ ಹೋದೆವು. ಆಪರೇಟರಕ್ಕ ಚಪ್ಪಲಿ ಕಳಚಿ ನೇರವಾಗಿ ನೀರಿಗೆ ನಡೆದಳು. ಅವಳಿಗೆ ದಾರಿ ತೋರಿಸಬೇಕೆಂದು ನಾವಿಬ್ಬರೂ ಓಡಿದೆವು, ಕೊನೆಗೆ ಅವಳೇ ನಮ್ಮಿಬ್ಬರ ಕೈ ಹಿಡಿದು ನಿಲ್ಲಿಸಿಕೊಂಡು, ಈಗ ಬರುವುದು ಚಿಕ್ಕದು, ಅದರ ಹಿಂದಿನದು ಮೊಣಕಾಲಿಗೆ ಬರುತ್ತದೆ, ಗಟ್ಟಿಯಾಗಿ ನಿಲ್ಲಿ ಎಂದು ಅಲೆಗಳ ಸದ್ದು ಕೇಳಿ ಹೇಳುತ್ತ ಹೋದಳು. ಸಾರಥಿ ನಂಬದೆ ಸಡಿಲವಾಗಿ ನಿಂತು ಬಿದ್ದಳು. ಒದ್ದೆ ಬಟ್ಟೆಯಲ್ಲಿ ಮರಳ ಮೇಲೆ ಕೂತು ಮೂವರೂ ಕಿತ್ತಳೆ ಸುಲಿದು ತಿಂದೆವು. ನೀರು, ಉಪ್ಪು, ಕಿತ್ತಳೆ ರಸ, ಎಲ್ಲ ಸೇರಿ ಒಂದು ಗಂಟೆಯ ಮಟ್ಟಿಗೆ ನನ್ನ ಕೈ ಯಾಕೆ ಒದ್ದೆಯಾಗಿದೆ ಅಂತ ಯಾರೂ ಕೇಳುವಂತಿರಲಿಲ್ಲ.

ಹತ್ತಿರದಲ್ಲೇ ಹಳೆಯ ದೀಪಸ್ತಂಭ. ನೂರ ಹದಿನಾಲ್ಕು ಮೆಟ್ಟಿಲು, ಆಪರೇಟರಕ್ಕ ಎಣಿಸಿದಳು. ಮೇಲೆ ಕಂಬಿ ಹಿಡಿದು ನಿಂತಾಗ ಅವಳು ಯಾರನ್ನೂ ಉದ್ದೇಶಿಸದೆ, ಆ ಕಾಲದಲ್ಲಿ ಹಡಗುಗಳು ಇಷ್ಟೆಲ್ಲ ಕರಾವಳಿ ಬಿಟ್ಟು ಇಲ್ಲಿಗೇ ಯಾಕೆ ಬರುತ್ತಿದ್ದವೋ ಎಂದು ಕೇಳಿದಳು. ಉತ್ತರ ಇನ್ನೂರ ಹದಿನೇಳನೇ ಪುಟದಲ್ಲಿದೆ. ಆ ಹನ್ನೆರಡು ಪುಟ ನನಗೆ ಬಾಯಿಪಾಠ. ಬಾಯಿ ತಾನಾಗಿಯೇ ತೆರೆದುಕೊಂಡಿತು.

“ಗಾಳಿ ನೋಡ್ಕೊಂಡು ಬರ್ತಿದ್ರು ಅಕ್ಕ. ಅರ್ಧ ವರ್ಷ ಈ ಕಡೆ ಬೀಸುತ್ತೆ, ಅರ್ಧ ವರ್ಷ ಆ ಕಡೆ. ಗಾಳಿ ತಿರುಗೋ ತನಕ ಇಲ್ಲೇ ಕಾಯ್ಬೇಕಿತ್ತು. ಕಾಯೋಕೆ ಮರೆ ಇರೋ ಜಾಗ ಬೇಕಲ್ಲ.”

ಅವಳು ನನ್ನ ಕಡೆ ಮುಖ ತಿರುಗಿಸಿದಳು. “ಎಷ್ಟು ಚೆನ್ನಾಗಿ ಹೇಳ್ದೆ. ಎಲ್ಲಿ ಓದ್ದೆ ಇದನ್ನ?”

ಅದಕ್ಕಿಂತ ಒಳ್ಳೆಯ ಬಾಗಿಲನ್ನು ಯಾರೂ ತೆರೆದುಕೊಡಲಾರರು. ಗಾಳಿ ಬೀಸುತ್ತಿತ್ತು, ಸಾರಥಿ ಕೆಳಗೆ ಫೋಟೋ ತೆಗೆಯುತ್ತಿದ್ದಳು, ನಾವಿಬ್ಬರೇ ಇದ್ದೆವು. ನಾನು “ಎಲ್ಲೋ” ಅಂದೆ.

ಅವಳು ಮತ್ತೆ ಸಮುದ್ರದ ಕಡೆ ಮುಖ ಮಾಡಿ, ಇಂಥದ್ದನ್ನೆಲ್ಲ ಮಕ್ಕಳಿಗೆ ಹೇಳಿಕೊಡಬೇಕಿತ್ತು ನಾನು, ಎಂದಳು. ದೂರಿನ ಧ್ವನಿಯಲ್ಲ. ಮಳೆ ಬರಬಹುದು ಅನ್ನುವ ಹಾಗೆ ಹೇಳಿದಳು. ಆಮೇಲೆ ಮೆಟ್ಟಿಲಿಳಿಯುವಾಗ ಮತ್ತೆ ಎಣಿಸಿ, ಈ ಸಲ ನೂರ ಹದಿಮೂರೇ ಬಂತು, ಒಂದನ್ನು ಯಾರೋ ಕದ್ದಿದ್ದಾರೆ ಎಂದು ಸಾರಥಿಯ ಮೇಲೆ ಆರೋಪ ಹೊರಿಸಿದಳು.

ಮರುದಿನ ವಾಪಸು ಬರುವಾಗ ಪೆಟ್ರೋಲ್ ಬಂಕಿನಲ್ಲಿ ವ್ಯಾನ್ ನಿಂತಿತು. ಆಪರೇಟರಕ್ಕ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ನಾನು ಕೆಳಗಿಳಿದು, ಚಕ್ರಕ್ಕೆ ಗಾಳಿ ಹಾಕಿಸುತ್ತಿದ್ದ ಸಾರಥಿಗೆ ಎಲ್ಲವನ್ನೂ ಹೇಳಿದೆ. ಹೇಳಿದೆ ಅನ್ನುವುದು ಸ್ವಲ್ಪ ಹೆಚ್ಚಾಯಿತು. ಅರ್ಧ ನುಂಗಿದೆ, ಉಳಿದರ್ಧವನ್ನು ಅವಳೇ ಎಳೆದು ತೆಗೆದಳು. ಅವಳು ಯಾವಾಗಲೂ ನಗುವವಳು, ಆಗ ನಗಲಿಲ್ಲ. ಗಾಳಿಯ ಕೊಳವೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು.

“ಮೂರು ವರ್ಷ ಬಾಯ್ಮುಚ್ಕೊಂಡಿದ್ದು ಇವತ್ತು ಯಾಕೆ?”

ತಡೆಯಲಾಗುತ್ತಿಲ್ಲ ಅಂದೆ.

“ನಿನಗೆ ತಡೆಯೋಕಾಗಲ್ಲ ಅಂತ ಅವಳಿಗೆ ಹೊರಿಸ್ತೀಯಾ? ಐದು ಅಂಕ ಹೋಯ್ತು, ಹೋಯ್ತು. ಈಗ ಯಾರು ವಾಪಸ್ ಕೊಡ್ತಾರೆ? ಅವಳಿಗೆ ಕೆಲಸ ಇದೆ, ಖುಷಿಯಾಗಿದ್ದಾಳೆ. ನಮ್ಮನ್ನ ಕರ್ಕೊಂಡು ಬಂದಿದ್ದಾಳೆ. ಬಿಡು. ಹೇಳ್ಬೇಡ.”

ಸಾಯುವ ತನಕ ಸಾರಥಿಗೆ ಋಣಿ ಅನ್ನಿಸುವಷ್ಟು ಹಗುರಾಯಿತು. ಸುಮ್ಮನಿರುವುದು ಹೇಡಿತನವಲ್ಲ, ಅದೂ ಒಂದು ಒಳ್ಳೆಯತನ ಎಂದು ಬೇರೆಯವರ ಬಾಯಲ್ಲಿ ಕೇಳುವುದಕ್ಕೆ ನಾನು ಮೂರು ವರ್ಷ ಕಾದಿದ್ದೆ ಅನ್ನಿಸುತ್ತದೆ. ವ್ಯಾನ್ ಹತ್ತಿ, ನಾನಾಗಿಯೇ ಆಪರೇಟರಕ್ಕನ ಕೈ ಹಿಡಿದುಕೊಂಡೆ. ಅವಳು ಎಚ್ಚರಾಗಿ, ಇನ್ನೊಂದು ಕಡೆ ಹೋಗುವುದಿದೆ, ನಿಮಗೆ ಹೇಳಿರಲಿಲ್ಲ, ಮುಂದಿನ ವೃತ್ತದಲ್ಲಿ ಎಡಕ್ಕೆ ತಿರುಗಿಸು ಎಂದು ಸಾರಥಿಗೆ ಹೇಳಿದಳು.

ಅದು ಅವಳು ಓದುವಾಗ ಇದ್ದ ಹಾಸ್ಟೆಲು. ಕಣ್ಣು ಕಾಣದ ಹೆಣ್ಣುಮಕ್ಕಳಿಗಾಗಿ ನಡೆಸುವಂಥದ್ದು. ಉದ್ದನೆಯ ಪಡಸಾಲೆ, ಗೋಡೆಗುಂಟ ಹಿಡಿದು ನಡೆಯಲು ಕೈ ಎತ್ತರಕ್ಕೆ ಕಟ್ಟಿದ ಹಗ್ಗ, ಒಗೆದ ಬಟ್ಟೆಯ ಸೋಪಿನ ವಾಸನೆ. ಆಪರೇಟರಕ್ಕ ಕೋಲನ್ನು ಮಡಚಿ ಚೀಲಕ್ಕೆ ಹಾಕಿ, ಸ್ವಂತ ಮನೆಯಲ್ಲಿ ನಡೆಯುವವಳ ಹಾಗೆ ಮುಂದೆ ಮುಂದೆ ಹೋದಳು. ನಾವು ಹಿಂದೆ. ಅಲ್ಲಿನ ಗ್ರಂಥಾಲಯದ ಮೇಡಂ ಕಾಯುತ್ತಿದ್ದರು, ಐವತ್ತರ ಹೆಂಗಸು, ಕನ್ನಡಕವನ್ನು ಕತ್ತಿಗೆ ದಾರದಲ್ಲಿ ನೇತುಹಾಕಿಕೊಂಡವರು. ಆಪರೇಟರಕ್ಕ ನನ್ನನ್ನು ಅವರ ಮುಂದೆ ನಿಲ್ಲಿಸಿ, ಇವಳೇ ಅಂದಳು. ಇವಳೇನಾ ಎಂದು ಅವರು ನನ್ನ ಎರಡೂ ಕೈ ಹಿಡಿದರು.

ಆಗ ಆಪರೇಟರಕ್ಕ ಚೀಲದಿಂದ ಒಂದು ಪುಟ್ಟ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲೆ ಇಟ್ಟಳು. ನಾವಿಬ್ಬರೂ ಓದಿದ್ದೆಲ್ಲ ಅದರಲ್ಲಿದೆಯಂತೆ, ಒಂದನ್ನೂ ಕಳೆದಿಲ್ಲವಂತೆ. ಈ ವರ್ಷ ಬಿ.ಎ. ಕೊನೆಯ ತರಗತಿಯಲ್ಲಿ ಒಂಬತ್ತು ಹುಡುಗಿಯರಿದ್ದಾರೆ, ಪಠ್ಯ ಬದಲಾಗಿಲ್ಲ, ಚರಿತ್ರೆಯ ಪರೀಕ್ಷೆಗೆ ಇನ್ನು ಇಪ್ಪತ್ತು ದಿನ, ಓದಿಕೊಡುವವರು ಯಾರೂ ಸಿಕ್ಕಿಲ್ಲ. ಒಂಬತ್ತು ಜನಕ್ಕೂ ರೆಕಾರ್ಡಿಂಗ್ ಕೇಳುವ ಪುಟ್ಟ ಯಂತ್ರಗಳನ್ನು ಅವಳು ಸಂಬಳದಿಂದ ಕೊಂಡು ಕಳಿಸಿದ್ದಾಳೆ, ಇವತ್ತು ಅವುಗಳಿಗೆ ಪುಸ್ತಕ ತುಂಬಿಸಬೇಕು. ತಾನು ಟೀಚರ್ ಆಗಲಿಲ್ಲ, ಅದಕ್ಕೆ ಇದೊಂದು ಮಾಡುತ್ತೇನೆ ಎಂದಳು. ಮೊದಲು ಚರಿತ್ರೆ ಹಾಕಿ ಮೇಡಂ ಎಂದಳು.

ಸಾರಥಿ ನನ್ನನ್ನು ನೋಡಿದಳು. ಬಂಕಿನಲ್ಲಿ ಹೇಳ್ಬೇಡ ಅಂದ ಮುಖವೇ ಅದು, ಆದರೆ ಈಗ ಅದರಲ್ಲಿ ಆ ಮಾತು ಇರಲಿಲ್ಲ. ಬೇರೆ ಮಾತೂ ಇರಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಮೇಡಂ ಮೊದಲನೆಯ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿದರು. ಪರದೆಯ ಮೇಲೆ ಹಸಿರು ಪಟ್ಟಿ ಎಡದಿಂದ ಬಲಕ್ಕೆ ಹೊರಟಿತು. ಬಾಗಿಲ ಹತ್ತಿರ ಮೂರು ಹುಡುಗಿಯರು ಬಂದು ನಿಂತರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ, ಓದಿದ ಅಕ್ಕ ಬಂದಿದ್ದಾರಂತೆ, ಮಾತಾಡಿದರೆ ಗೊತ್ತಾಗುತ್ತದೆ ಎಂದಳು. ಆಪರೇಟರಕ್ಕ ಅವರನ್ನು ಒಳಗೆ ಕರೆದು, ಇವಳು ಓದಿದ್ದನ್ನು ನಿದ್ದೆ ಮಾಡದೆ ಕೇಳಿ, ನನ್ನ ಹಾಗೆ ಮಾಡಬೇಡಿ, ಇವಳು ಒಂದು ಸಾಲೂ ಬಿಡುವವಳಲ್ಲ ಎಂದಳು. ಅವರು ನಕ್ಕರು. ಪಟ್ಟಿ ಅರ್ಧ ದಾಟಿತ್ತು.

ನಾನು ಲೆಕ್ಕ ಹಾಕುತ್ತ ನಿಂತೆ. ಮನೆಗೆ ಹೋಗಿ ಮೇಡಂಗೆ ಪತ್ರ ಬರೆಯಬಹುದು. ಹೆಸರಿಲ್ಲದೆ ಬರೆಯಬಹುದು. ಫೋನಿನಲ್ಲಿರುವ ಮೂವತ್ತೊಂದು ನಿಮಿಷವನ್ನು, ಪೂರಕ ಪಾಠ ಎಂದು ಹೆಸರಿಟ್ಟು ಕಳಿಸಬಹುದು. ಕಳಿಸುತ್ತೇನಾ? ಮೂರು ವರ್ಷ ಕಳಿಸದವಳು ಇಪ್ಪತ್ತು ದಿನದಲ್ಲಿ ಕಳಿಸುತ್ತೇನಾ? ನನ್ನನ್ನು ನಾನು ಚೆನ್ನಾಗಿ ಬಲ್ಲೆ. ಡೈರಿಯಲ್ಲಿ ಬರೆದುಕೊಳ್ಳುತ್ತೇನೆ, ನಾಳೆ ಎನ್ನುತ್ತೇನೆ. ಪರೀಕ್ಷೆಯ ಸಂಜೆ ಒಂಬತ್ತು ಹುಡುಗಿಯರು ಒಬ್ಬರಿಗೊಬ್ಬರು, ಬಂದರುಗಳ ಪ್ರಶ್ನೆ ಹೊಳೆಯಲೇ ಇಲ್ಲ ಕಣೇ, ನಿದ್ದೆ ಬಂದಿರಬೇಕು ಎಂದು ಹೇಳಿಕೊಳ್ಳುತ್ತಾರೆ.

ಮೇಡಂ ಮೊದಲನೆಯ ಯಂತ್ರವನ್ನು ಕಳಚಿ, ಬಾಗಿಲ ಹತ್ತಿರದ ಹುಡುಗಿಯ ಕೈಗೆ ಕೊಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೆರಳಿನಿಂದ ಗುಂಡಿಗಳನ್ನು ತಡಕಿದಳು. ನನ್ನ ಧ್ವನಿ ಹೊರಬಂತು, ಮೂರು ವರ್ಷದ ಹಿಂದಿನ, ಹೆದರಿಕೆಯಿಲ್ಲದ ಧ್ವನಿ. ಪುಸ್ತಕದ ಹೆಸರು ಹೇಳಿತು, ಮೊದಲನೆಯ ಪಾಠ ಎಂದಿತು. ಹುಡುಗಿ ಅದನ್ನು ಕಿವಿಗೆ ಹತ್ತಿರ ಹಿಡಿದು, ನಾನು ನಿಂತಿದ್ದ ಕಡೆ ಮುಖ ಮಾಡಿ ಕಾದಳು. ಮೇಡಂ ಎರಡನೆಯದನ್ನು ಜೋಡಿಸಿದರು.

ಆಪರೇಟರಕ್ಕ ನನ್ನ ಕೈ ಹುಡುಕಿ ಹಿಡಿದಳು. “ಇಷ್ಟು ತಣ್ಣಗಾಗಿದೆ,” ಅಂದಳು ಮೆಲ್ಲಗೆ. “ಏನಾಯ್ತೇ?”

ಗಂಟಲು ಸರಿಮಾಡಿಕೊಂಡೆ, ಯಂತ್ರ ಒತ್ತುವ ಮೊದಲು ಮಾಡಿಕೊಳ್ಳುತ್ತಿದ್ದ ಹಾಗೆ. ಆದರೆ ಎದುರಿಗೆ ಜನರಿದ್ದರು, ಓದುವುದಕ್ಕೆ ಪುಸ್ತಕವಿರಲಿಲ್ಲ.

“ಅದ್ರಲ್ಲಿ ಹನ್ನೆರಡು ಪುಟ ಇಲ್ಲ ಅಕ್ಕ,” ಅಂದೆ. “ನಾನು ಓದ್ಲೇ ಇಲ್ಲ.”